ಕೆಳಗಿನಿಂದ ಹೊಡೆಯುವ ಬಿಸಿಲು

ಬೆಳಗಿನ ಐದೂವರೆ. ನಾಲ್ಕಂತಸ್ತಿನ ಕಟ್ಟಡದ ತಾರಸಿಯ ಮೇಲೆ ಆಕೆ ಉದ್ದ ಕೋಲಿನ ರೋಲರ್ ಎಳೆಯುತ್ತಿದ್ದಾರೆ. ಕೆಳಗಿನ ಕೋಣೆಗಳು ತಂಪಾಗಿರಲಿ ಎಂದು ತಾರಸಿಗೆ ಬಿಳಿ ಬಣ್ಣ ಬಳಿಯುವ ಈ ಕೆಲಸಕ್ಕೆ ಇಪ್ಪತ್ತೊಂದು ವರ್ಷ. ಎಲ್ಲರ ಬಾಯಲ್ಲೂ ಆಕೆ ‘ಟೆರೇಸ್ ಅಕ್ಕ’. ಕೆಳಗೆ ಫ್ಯಾನ್ ಹಾಕಿಕೊಂಡು ಮಲಗಿರುವವರಿಗೆ ತಲೆಯ ಮೇಲೆ ಯಾರಿದ್ದಾರೆಂಬ ಗೊಡವೆಯಿಲ್ಲ.

ಬಿಸಿಲನ್ನು ಆಕೆ ಎಂದೂ ಅಸಡ್ಡೆ ಮಾಡಿದವರಲ್ಲ. ಅಗಲ ಅಂಚಿನ ಟೋಪಿ ತಪ್ಪಿಸಿದ್ದೇ ಇಲ್ಲ. ಆದರೆ ಒಣಗಿದ ಬಿಳಿ ತಾರಸಿ ಬಿಸಿಲನ್ನು ಮೇಲಕ್ಕೆ ಎಸೆಯುತ್ತದೆ. ಅದು ಟೋಪಿಯ ಅಡಿಯಿಂದಲೇ ಮುಖಕ್ಕೆ ನುಗ್ಗುತ್ತದೆ. ಕಳೆದ ವರ್ಷ ಗದ್ದದ ಮೇಲೊಂದು ಹುಣ್ಣು ಎದ್ದಿತು. ಬಣ್ಣ ಸಿಡಿದದ್ದಿರಬೇಕು ಎಂದು ಆರು ತಿಂಗಳು ಮುಲಾಮು ಹಚ್ಚಿದರು. ಒಣಗುವುದು, ಹಕ್ಕಳೆ ಉದುರುವುದು, ಮತ್ತೆ ರಕ್ತ.

ಕೊನೆಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು: ಚರ್ಮದ ಕ್ಯಾನ್ಸರ್. “ಟೋಪಿ ಹಾಕ್ತೀರಲ್ಲ, ಇಲ್ಲಿಗೆ ಹೇಗೆ ಬಿಸಿಲು ಬಿತ್ತು ಅಂತ ಡಾಕ್ಟರಮ್ಮ ಕೇಳಿದ್ರು. ಕೆಲಸ ಏನು ಅಂತ ಹೇಳ್ದೆ. ಪೆನ್ನು ಕೆಳಗಿಟ್ಟು, ನನ್ನ ಗದ್ದ ಎತ್ತಿ ಅಡಿಯಿಂದ ನೋಡಿದ್ರು.” ಕೊಯ್ದು ತೆಗೆದಾಯಿತು. ಐದು ಹೊಲಿಗೆ. ಒಂಬತ್ತು ಗಂಟೆಯ ಮೇಲೆ ತಾರಸಿಯಲ್ಲಿ ನಿಲ್ಲಕೂಡದು ಎಂಬ ತಾಕೀತು.

ಹೊಲಿಗೆಗಿಂತ ಆ ಒಂಬತ್ತು ಗಂಟೆಯೇ ಕಷ್ಟ. ದಿನಕ್ಕೆ ಸಾವಿರ ಚದರಡಿ ಮುಗಿಯದಿದ್ದರೆ ಮೇಸ್ತ್ರಿ ಬೇರೆಯವರನ್ನು ಕರೆಯುತ್ತಾನೆ. ಜೊತೆಗಿರುವ ನಾದಿನಿಗೆ ಇಪ್ಪತ್ತಾರು. ಮುಖಕ್ಕೆ ಬಟ್ಟೆ ಕಟ್ಟಲು ಒಲ್ಲೆ ಎನ್ನುತ್ತಾಳೆ.

“ಅತ್ತಿಗೆ, ಕಟ್ಕೊಂಡ್ರೆ ಕಳ್ಳಿ ಥರ ಕಾಣ್ತೀನಿ.”

“ಕಳ್ಳಿ ಥರಾನೇ ಕಾಣು. ನನ್ನ ಥರ ಕಾಣೋದು ಬೇಡ.”

ಒಂಬತ್ತಾದರೂ ಒಂದು ಮೂಲೆ ಉಳಿದಿದೆ. ಆಕೆ ರೋಲರ್ ತೊಳೆಯುವಾಗ ಮೇಸ್ತ್ರಿ ಏದುಸಿರು ಬಿಡುತ್ತ ಮೆಟ್ಟಿಲೇರಿ ಬರುತ್ತಾನೆ.

“ಅಕ್ಕಾ, ಐದೇ ನಿಮಿಷದ್ದು. ಮುಗಿಸ್ಬಿಡಿ.”

“ಐದೇ ನಿಮಿಷ ಅಂತಾನೇ ಇಪ್ಪತ್ತು ವರ್ಷ ನಿಂತೆನಪ್ಪಾ.”

“ಹಾಗಾದ್ರೆ ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ.”

ಆಕೆ ವಾದಕ್ಕೆ ಇಳಿಯುವುದಿಲ್ಲ. ಇದೇ ತಾರಸಿಯ ನೀರಿನ ಟ್ಯಾಂಕಿನ ಮೇಲಿನ ಚಪ್ಪಡಿಗೆ ಕಳೆದ ವರ್ಷ ಬಣ್ಣ ಹೊಡೆದವರೂ ಆಕೆಯೇ. ಅದರ ಒಂದು ಅರ್ಧವನ್ನು ಉಗುರಿನಿಂದ ಕೆರೆಯುತ್ತಾರೆ. ಬಣ್ಣ ಹಾಳೆ ಹಾಳೆಯಾಗಿ ಏಳುತ್ತದೆ. “ಇದು ನೀವು ಮಧ್ಯಾಹ್ನ ನಿಲ್ಲಿಸಿ ಹೊಡೆಸಿದ್ದು.” ಇನ್ನೊಂದು ಅರ್ಧದ ಮೇಲೆ ಉಗುರು ಜಾರುತ್ತದೆ. “ಇದು ಬೆಳಿಗ್ಗೆದು. ಕಾದ ಕಾಂಕ್ರೀಟು ಬಣ್ಣ ಹಿಡಿಯಲ್ಲ. ಬರೋ ಹೊಸಬರಿಗೂ ಇದನ್ನ ಹೇಳ್ಕೊಡಿ.”

ಮೇಸ್ತ್ರಿ ಬಗ್ಗಿ ತಾನೂ ಎರಡೂ ಕಡೆ ಕೆರೆದು ನೋಡುತ್ತಾನೆ. ಉಗುರಿನ ಸಂದಿಯ ಬಿಳಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ.

“ನಾಳೆ ಎಷ್ಟೊತ್ತಿಗೆ ಬರ್ತೀರಿ?”

“ಐದಕ್ಕೆ. ಬೀಗ ತೆಗ್ಸಿಡಿ.”