ದೊಡ್ಡವ್ವ ಉಟ್ಟ ಹಸಿರು ಸೀರೆ

ಮೊನ್ನೆ ಮಗಳ ತೋಳಿನ ಮೇಲೆ ಕೆಂಪು ಗುಳ್ಳೆಗಳೆದ್ದಿದ್ದವು. ಡಾಕ್ಟರ ಹತ್ತಿರ ಹೊರಡುವ ಮೊದಲೇ ನನ್ನ ಕೈ ತಾನಾಗಿ ಕುಂಡದ ದೊಡ್ಡಪತ್ರೆಗೆ ಹೋಯಿತು. ಎಲೆ ಹಿಸುಕಿದಾಗ ಬಂದ ಆ ಘಾಟು ವಾಸನೆ... ಸೋಲೂರಿನ ನಮ್ಮ ಹಿತ್ತಿಲು, ಪಕ್ಕದ ಮನೆಯ ದೊಡ್ಡವ್ವ, ಎಲ್ಲ ನೆನಪಾಯಿತು.

ಕನಕಪುರದ ಕಡೆಯಿಂದ ಸೋಲೂರಿಗೆ ನಾನು ಸೊಸೆಯಾಗಿ ಬಂದ ಹೊಸತು. ತಿಂಗಳು ತುಂಬುವುದರೊಳಗೆ ಕತ್ತು, ಸೊಂಟ, ತೋಳುಗಳ ತುಂಬ ಗುಳ್ಳೆ. ಕೆರೆದಷ್ಟೂ ಉರಿ. ಪಿತ್ತದ ಗಂಧೆ ಎಂದು ಕಂಬಳಿ ಹೊದಿಸಿದರು, ನಂಜು ಎಂದು ಬದನೆಕಾಯಿ ಬಿಡಿಸಿದರು. ದೊಡ್ಡವ್ವ ಬಂದು ದೊಡ್ಡಪತ್ರೆ ರಸ ಹಚ್ಚಿದಳು. ಮಾಗಡಿಯ ಡಾಕ್ಟರು ಮುಲಾಮು, ಮಾತ್ರೆ ಬರೆದುಕೊಟ್ಟು, ಮನೆಯ ಹತ್ತಿರ ಹುಳಹುಪ್ಪಟೆ ಇದೆಯೇ ಎಂದು ನನ್ನನ್ನೇ ಕೇಳಿದರು. ಹೊಸ ಸೊಸೆಗೆ ಬಾಯಿ ಎಲ್ಲಿರುತ್ತದೆ? "ನಮ್ಮನೆ ಕನ್ನಡಿ ಇದ್ದಂಗೈತೆ ಸಾರ್" ಎಂದು ಅತ್ತೆಯೇ ಮಾತು ಮುಗಿಸಿದರು. ಮುಲಾಮಿಗೆ ಗುಳ್ಳೆ ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು.

ಅತ್ತೆ ಕೆಟ್ಟವರಲ್ಲ. ಆದರೆ ಒಮ್ಮೆ ಅನುಮಾನ ಹೊಕ್ಕರೆ ಬಿಡುವವರೂ ಅಲ್ಲ. ಯಾವುದೋ ಚರ್ಮರೋಗ ಮುಚ್ಚಿಟ್ಟು ಧಾರೆ ಎರೆದಿದ್ದಾರೆ ಎಂಬ ಮಾತು ಅಡುಗೆಮನೆಯಿಂದ ಜಗುಲಿಗೆ ಬಂತು. ಸೋಮವಾರ ಅಪ್ಪನನ್ನು ಕರೆಸಿ ನನ್ನನ್ನು ತವರಿಗೆ ಕಳಿಸುವುದೆಂದಾಯಿತು. ವಾಸಿಯಾದರೆ ಆಮೇಲೆ ನೋಡೋಣ ಅಂತೆ. ಗಂಡ ಎನ್ನುವ ಪ್ರಾಣಿ ತಲೆ ತಗ್ಗಿಸಿ ಮುದ್ದೆ ನುಂಗುತ್ತಿತ್ತು. ನನಗೆ ಭಯಕ್ಕಿಂತ ಅವಮಾನವೇ ಹೆಚ್ಚಾಗಿತ್ತು.

ಹಿತ್ತಿಲಲ್ಲಿ ಅಳುತ್ತ ಸೀರೆ ತೆಗೆಯುತ್ತಿದ್ದಾಗ ದೊಡ್ಡವ್ವ ಗೋಡೆಯಾಚೆಯಿಂದ ಕೇಳಿದಳು. "ಎಲ್ಲಾರ ಬಟ್ಟೆನೂ ಮುಂದ್ಗಡೆ ಒಣಗ್ತವೆ, ನಿಂದ್ಯಾಕವ್ವ ಇಲ್ಲಿ?"

ಹೊಸ ಸೊಸೆಯ ಸೀರೆ, ರವಿಕೆ ಗಂಡಸರ ಕಣ್ಣಿಗೆ ಬೀಳಬಾರದೆಂದು ಅತ್ತೆ ನನಗೆ ಅಲ್ಲಿ ಬೇರೆ ಹಗ್ಗ ಕಟ್ಟಿಸಿದ್ದರು. ದೊಡ್ಡವ್ವ ತಲೆಯೆತ್ತಿದಳು. ಹಗ್ಗದ ಮೇಲೆ ಅವಳದೇ ನುಗ್ಗೆಮರದ ಕೊಂಬೆ ಚಾಚಿತ್ತು, ಅದರ ತುಂಬ ಕಂಬಳಿಹುಳ. ಅದರ ಕೂದಲು ಬಟ್ಟೆಗೆ ಉದುರಿದರೆ ಗುಳ್ಳೆ ಏಳುತ್ತದೆಂದು ಊರಲ್ಲಿ ಎಲ್ಲರಿಗೂ ಗೊತ್ತು. ರೋಗವೆಂದು ತೀರ್ಮಾನವಾದ ಮೇಲೆ ಮರದ ಕಡೆ ಯಾರು ನೋಡುತ್ತಾರೆ?

"ಬಾಯಲ್ಲೇಳಿದ್ರೆ ನಿಮ್ಮತ್ತೆ ನಂಬಾಕಿಲ್ಲ. ಒಸಿ ತಾಳು" ಎಂದವಳೇ ನನ್ನ ಕೈಯಿಂದ ಆ ಹಸಿರು ಸೀರೆ ಇಸಿದುಕೊಂಡು ಒಳಗೆ ಹೋದಳು.

ಗಂಡ ಸತ್ತ ಮೇಲೆ ಮಾಸಿದ ಬಿಳಿ ಸೀರೆ ಬಿಟ್ಟು ಬೇರೇನೂ ಉಡದಿದ್ದವಳು ಹಸಿರುಟ್ಟು ಬಂದು, ಡೈರಿಗೆ ಹಾಲು ಒಯ್ಯುವವರೆಲ್ಲ ನೋಡುವಂತೆ ನಮ್ಮ ಜಗುಲಿಯ ಮೇಲೆ ಕೂತಳು. ಅತ್ತೆ ಹೊಸಿಲಿಗೆ ಓಡಿಬಂದರು. ದೀಪ ಹಚ್ಚುವ ಹೊತ್ತಿಗೆ ಅವಳ ಕತ್ತಿನ ಸುತ್ತಲೂ ಕೆಂಪು ಗುಳ್ಳೆ.

"ನೋಡಮ್ಮಿ, ನಿನ್ ಸೊಸೆ ರೋಗ ನಂಗೂ ಬಂದ್ಬುಡ್ತು. ನನ್ನೂ ತವರ್ಗೆ ಕಳಿಸ್ತೀಯಾ?" ಎಂದು ಅತ್ತೆಯನ್ನು ಹಿತ್ತಿಲಿಗೆ ಕರೆದೊಯ್ದು ಹಗ್ಗದ ಮೇಲಿನ ಕೊಂಬೆ ತೋರಿಸಿದಳು.

ಸೋಮವಾರದ ಮಾತು ಮತ್ತೆ ಬರಲಿಲ್ಲ. ಮರುದಿನ ಪಂಜು ಹಿಡಿದು ಹುಳ ಸುಟ್ಟರು, ನನ್ನ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿದರು, ನನ್ನ ಹಗ್ಗ ಮುಂದಿನ ಅಂಗಳಕ್ಕೆ ಬಂತು. ಉಳಿದ ಮುಲಾಮನ್ನು ನಾನೂ ದೊಡ್ಡವ್ವನೂ ಹಂಚಿಕೊಂಡೆವು. ಊರು ಗುಳ್ಳೆಯನ್ನು ಮರೆಯಿತು, ಹಸಿರು ಸೀರೆಯನ್ನು ಮರೆಯಲಿಲ್ಲ. ಕೆಲವರು ಅವಳನ್ನು ಮದುವೆ ಮನೆಗೆ ಕರೆಯುವುದನ್ನೇ ಬಿಟ್ಟರು. "ಅವ್ರಿಗೆ ಒಂದೂಟ ಮಿಕ್ತು ಬುಡು" ಎನ್ನುತ್ತಿದ್ದಳು.

ಆದರೆ ಆ ಸಂಜೆಯದು ಒಂದು ಮಾತು ನನಗೆ ಮಾತ್ರ ಗೊತ್ತು... ಸೀರೆ ಬಿಚ್ಚಿಕೊಡಲು ನನ್ನ ಕೋಣೆಗೆ ಬಂದವಳು ಬೀರುವಿನ ಕನ್ನಡಿಯ ಮುಂದೆ ನಿಂತುಬಿಟ್ಟಳು. ಸೆರಗು ಸರಿಮಾಡಿಕೊಂಡಳು. ಮೆಲ್ಲಗೆ ಕೇಳಿದಳು. "ಹಸ್ರು ಒಪ್ತದೇನವ್ವ ನಂಗೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಲಾಮು ಹಿಡಿದು ಒಳಗೆ ಬಂದರು. ದೊಡ್ಡವ್ವ ಗಡಿಬಿಡಿಯಿಂದ ಸೀರೆ ಬಿಚ್ಚತೊಡಗಿದಳು. ಮುಂದೆ ಎಂದೂ ಆ ಮಾತು ಎತ್ತಲಿಲ್ಲ. ಸೀರೆ ನೀನೇ ಇಟ್ಟುಕೋ ಎಂದರೆ "ಒಂದಿನ ಉಟ್ಟಾಯ್ತಲ್ಲ" ಎಂದು ನಕ್ಕಳು.

ಅವಳು ತೀರಿಕೊಂಡಾಗ ಆ ಸೀರೆ ಹಿಡಿದೇ ಹೋಗಿದ್ದೆ. ಹಿರಿಯರು ಒಪ್ಪಲಿಲ್ಲ, ಬಿಳಿಯದನ್ನೇ ಹೊದಿಸಿದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಮಗಳದು ಸೊಳ್ಳೆ ಕಡಿತ ಎಂದರು ಡಾಕ್ಟರು, ಇಳಿಯಿತು. ಅವಳು ಮಲಗಿದ ಮೇಲೆ ಬೀರು ತೆಗೆದೆ. ಸೀರೆ ಮಡಿಕೆಗಳಲ್ಲಿ ಸವೆದಿದೆ, ಬಣ್ಣ ಮಾತ್ರ ಹಾಗೇ ಇದೆ. ಅದನ್ನು ಮಡಿಲಲ್ಲಿಟ್ಟುಕೊಂಡು, ಕೇಳುವವರು ಇಲ್ಲದಿದ್ದರೂ ಹೇಳಿದೆ.

ಒಪ್ತಿತ್ತು ದೊಡ್ಡವ್ವ. ಬಾಳ ಒಪ್ತಿತ್ತು.