ಬಾಲಾನಗರದ ಮೊಳೆ

ಬೀದರಿನಿಂದ ಬೆಳಿಗ್ಗೆ ಆರರ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಐವತ್ತು ಮೀಟರಿನ ಉಕ್ಕಿನ ಟೇಪು, ಒಂದು ಸುತ್ತಿಗೆ, ಆರು ಮೊಳೆ, ಸೀಮೆಸುಣ್ಣ ಮತ್ತು ಎರಡು ಹೊತ್ತಿನ ಬುತ್ತಿ ಇದ್ದವು. ಕಂಡಕ್ಟರು ಚೀಲವನ್ನು ಮೇಲಿಡಲು ಹೋಗಿ ಭಾರಕ್ಕೆ ಬಾಗಿದ.

"ಏನ್ರೀ ಬಾಯಾರ, ಮನಿ ಕಟ್ಟಾಕ ಹೊಂಟೀರೇನು?"

"ಕಟ್ಟಾಕಲ್ಲಪ್ಪ, ಕೆಡವಾಕ" ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಟಿಕೆಟಿಗೆ ಇನ್ನೂರು ಚಿಲ್ಲರೆ ಕೊಟ್ಟೆ. ನಮ್ಮಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಗಡಿ ದಾಟುವ ಬಸ್ಸಿಗೆ ಆ ಭಾಗ್ಯವಿಲ್ಲ. ಡಿಸೆಂಬರಿನ ಚಳಿ, ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಜಹೀರಾಬಾದಿನಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಎಲ್ಲರೂ ಇಳಿದು ಚಹಾ ಕುಡಿದರು. ನಾನು ಬಸ್ಸಿನ ಸುತ್ತ ಹೆಜ್ಜೆ ಎಣಿಸುತ್ತ ತಿರುಗಿದೆ. ಉದ್ದಕ್ಕೆ ಹದಿನಾರು ಹೆಜ್ಜೆ. ಮನಸ್ಸು ನೆಟ್ಟಗಿಲ್ಲದಾಗ ನನಗೆ ಕಂಡದ್ದನ್ನೆಲ್ಲ ಅಳೆಯುವ ಚಟ.

ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದವಳು ನಾನು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗದೆ ಮ್ಯಾರಥಾನ್ ಓಟದ ದಾರಿ ಅಳೆಯುವ ಕೆಲಸ ಹಚ್ಚಿಕೊಂಡೆ. ಸೈಕಲ್ಲಿನ ಮುಂದಿನ ಗಾಲಿಗೆ ಎಣಿಕೆಯ ಯಂತ್ರ ಕಟ್ಟಿ, ದಾರಿಯುದ್ದಕ್ಕೂ ತುಳಿದು, ತಿರುವು ಬಂದಲ್ಲಿ ರಸ್ತೆಗೆ ಮೊಳೆ ಹೊಡೆಯುವುದು. ನಲವತ್ತೆರಡು ಕಿಲೋಮೀಟರು, ನೂರ ತೊಂಬತ್ತೈದು ಮೀಟರು. ಅದರಲ್ಲಿ ಗೇಣು ಕಡಿಮೆಯಾದರೂ ಆ ದಾರಿಯಲ್ಲಿ ಓಡಿದವರ ಸಮಯ ಲೆಕ್ಕಕ್ಕಿಲ್ಲ. ಅದಕ್ಕೇ ಕಿಲೋಮೀಟರಿಗೆ ಒಂದು ಮೀಟರಿನಂತೆ ನಲವತ್ತೆರಡು ಮೀಟರು ಮೇಲೆ ಹಾಕುತ್ತೇವೆ. ತರಕಾರಿಯವಳು ತೂಗಿದ ಮೇಲೆ ಎರಡು ಬದನೆಕಾಯಿ ಎಸೆಯುತ್ತಾಳಲ್ಲ, ಆ ಕೊಸರು ಇದು. ನನ್ನ ಕೊಸರಿನ ಬಗ್ಗೆ ನನಗೆ ಭಾಳ ಜಂಬವಿತ್ತು.

ಹೈದರಾಬಾದಿನ ಈ ಓಟ ಉಪ್ಪಲ್‌ನಲ್ಲಿ ಶುರುವಾಗಿ, ಸಿಕಂದರಾಬಾದ್ ದಾಟಿ, ಬಾಲಾನಗರದಲ್ಲಿ ತಿರುಗಿ, ಬಂದ ದಾರಿಯಲ್ಲೇ ಉಪ್ಪಲ್‌ಗೆ ಮರಳುವಂಥದ್ದು. ಬಾಲಾನಗರದ ತಿರುವಿನ ಮೊಳೆಯನ್ನು ನವೆಂಬರಿನಲ್ಲಿ ನಾನೇ ಹೊಡೆದಿದ್ದೆ. ಓಟಕ್ಕೆ ಎರಡು ದಿನ ಮೊದಲು ಅಲ್ಲಿ ಹೊಸದಾಗಿ ಡಾಂಬರು ಹಾಕಿದರು. ಮೊಳೆ ಮಣ್ಣುಪಾಲು. ಓಟಗಾರರು ಸುತ್ತಿ ತಿರುಗಬೇಕಾದ ಕೆಂಪು ಪ್ಲಾಸ್ಟಿಕ್ ಕೋನನ್ನು ಎಲ್ಲಿಟ್ಟರೋ ದೇವರೇ ಬಲ್ಲ. ಹೆಂಗಸರಲ್ಲಿ ಗೆದ್ದವಳು ತಮಾರ್ ಎಂಬ ಇಸ್ರೇಲಿನ ಓಟಗಾರ್ತಿ. ಅವಳ ದೇಶದ ತಂಡ ಸೇರಲು ಎರಡು ಗಂಟೆ ಮೂವತ್ತೆರಡು ನಿಮಿಷದೊಳಗೆ ಮುಗಿಸಬೇಕಿತ್ತು. ಹತ್ತೊಂಬತ್ತು ಸೆಕೆಂಡು ಮೊದಲೇ ಮುಗಿಸಿದ್ದಳು. ಉಳಿದ ದಾರಿಯೆಲ್ಲ ಸರಿಯಿದೆ ಎಂದು ಹೋದ ವಾರ ಇನ್ನೊಬ್ಬರು ನೋಡಿ ಹೇಳಿದ್ದರು. ಬಾಕಿ ಇದ್ದದ್ದು ನನ್ನ ತಿರುವೊಂದೇ.

ಮಿಯಾಪುರದಲ್ಲಿ ಇಳಿದು ಮೆಟ್ರೋ ಹಿಡಿದು ನಾಂಪಲ್ಲಿಗೆ, ಅಲ್ಲಿಂದ ನಡೆದು ಅಬಿಡ್ಸ್‌ಗೆ ಹೋದೆ. ಓಟ ನಡೆಸಿದವರ ಕಚೇರಿ ಹಳೆ ಪುಸ್ತಕದಂಗಡಿಯ ಮೇಲಿತ್ತು, ನಲವತ್ತೊಂದು ಮೆಟ್ಟಿಲು. ಅಲ್ಲಿದ್ದ ಮ್ಯಾನೇಜರಿಗೆ ನನ್ನನ್ನು ಕಂಡು ಮುಖ ಹುಳ್ಳಗಾಯಿತು.

"ಹೋ ಗಯಾ ಸೋ ಹೋ ಗಯಾ ಮೇಡಂ" ಎಂದ. "ಎಲ್ಲಾ ಮುಗಿದದ್ದನ್ನ ಯಾಕೆ ಕೆದಕಬೇಕು? ನಾವಂತೂ ಕೇಳಿಲ್ಲ."

"ಮತ್ತ ನನ್ನನ್ನ ಕರೆಸಿದವರು ಯಾರು?"

"ಆ ಫಾರಿನ್ ಅಮ್ಮಾಯೇ ಬರೆದು ಕೇಳಿದ್ದು. ತಿರುವನ್ನ ಅಳೀರಿ ಅಂತ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಳ್ತಾಳೆ, ಏಂ ಚೇಸ್ತಾಂ, ಏನು ಮಾಡೋಣ?"

ಅವನು ಕಡತದಿಂದ ನಾನು ಬರೆದುಕೊಟ್ಟ ಹಾಳೆಯನ್ನು ತೆಗೆದು ಮುಂದಿಟ್ಟ. ಬಾಲಾನಗರದ ತಿರುವು: ಮೋರಿಯ ಕಟ್ಟೆಯಿಂದ ಹನ್ನೊಂದು ಮೀಟರು ನಲವತ್ತು ಸೆಂಟಿಮೀಟರು. ಅದರ ಕೆಳಗೆ, ನಸುಕಿನ ಕತ್ತಲಲ್ಲಿ ಕೋನು ಇಡುವವರಿಗೆ ತಿಳಿಯಲೆಂದು, ನನ್ನದೇ ಅಕ್ಷರದಲ್ಲಿ: ಜೋಳದ ರೊಟ್ಟಿ ಬಂಡಿಯ ಎದುರು.

ಅಯ್ಯೋ ನನ್ನ ಕರ್ಮವೇ! ಗಾಲಿ ಇರುವ ಬಂಡಿಯನ್ನು ಯಾರಾದರೂ ಗುರುತಾಗಿ ಬರೆಯುತ್ತಾರೆಯೇ? ಮಕ್ಕಳಿಗಾದರೆ ಬೆತ್ತ ತೋರಿಸುತ್ತಿದ್ದೆ. ಆ ದಿನ ಬಿಸಿಲಲ್ಲಿ ಸೈಕಲ್ ತುಳಿದು ದಣಿದಾಗ "ಬರ್ರಿ ಅಕ್ಕಾರ, ಒಂದು ಬಿಸಿ ರೊಟ್ಟಿ ತಿನ್ನರಿ" ಎಂಬ ನಮ್ಮ ಕಡೆಯ ಮಾತು ಕೇಳಿ ಕಣ್ಣು ತುಂಬಿತ್ತು. ಆ ಬಂಡಿ ಅಲ್ಲೇ ಬೇರು ಬಿಟ್ಟಿದೆ ಅಂದುಕೊಂಡಿದ್ದೆ.

ಸಂಜೆ ಉಪ್ಪಲ್ ತಲುಪಿದೆ. ಮ್ಯಾನೇಜರು ಫೋನಿನಲ್ಲಿ ತಿಳಿಸಿದ್ದರಿಂದ ತಮಾರ್ ಸ್ಟೇಷನ್ನಿನ ಕೆಳಗೇ ಕಾಯುತ್ತಿದ್ದಳು. ಮೂವತ್ತೊಂಬತ್ತು ವರ್ಷ, ಬಿಸಿಲಿಗೆ ಸುಟ್ಟ ಮುಖ, ಒಣಕಲು ಮೈ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇದ್ದಳು. "ಮೌಶಿ!" ಎಂದು ಚಿಕ್ಕಮ್ಮನನ್ನು ಕರೆದಂತೆ ಕರೆದು ಕೈ ಹಿಡಿದಳು. ಅವಳ ಮರಾಠಿಗೆ ನಾನು ಬೆರಗಾದೆ. ನಮ್ಮ ಬೀದರಿನವರಿಗೆ ಮರಾಠಿ ಹೊಸದಲ್ಲ, ಆದರೆ ಇಸ್ರೇಲಿನವಳ ಬಾಯಲ್ಲಿ! ಅವಳ ಅಜ್ಜ ಅಜ್ಜಿ ಕೊಂಕಣದ ಕಡೆಯ ಯಹೂದಿಗಳು. ಅಜ್ಜ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು, ಆಮೇಲೆ ಸಂಸಾರ ಕಟ್ಟಿಕೊಂಡು ಇಸ್ರೇಲಿಗೆ ಹೋದವನು. ಮರಳುಗಾಡಿನ ದಿಮೋನಾ ಎಂಬ ಊರಿನಲ್ಲಿ ಅವಳು ಹುಟ್ಟಿದಳು. ಮನೆಯೊಳಗೆ ಮರಾಠಿ, ಹೊರಗೆ ಹೀಬ್ರೂ. ಊರಿನ ಓಟಗಳೆಲ್ಲ ಈ ವರ್ಷ ರದ್ದಾಗಿದ್ದವು. ಅಜ್ಜನ ಊರು ಎಂದು ಹೈದರಾಬಾದನ್ನು ಆರಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಇಬ್ಬರೂ ಮೆಟ್ರೋದಲ್ಲಿ ಬಾಲಾನಗರಕ್ಕೆ ಹೊರಟೆವು. ಸೀಟು ಖಾಲಿ ಇದ್ದರೂ ಅವಳು ಕೂರಲಿಲ್ಲ. ಕಂಬ ಹಿಡಿದು ಹಿಮ್ಮಡಿ ಏರಿಸಿ ಇಳಿಸುತ್ತ ನಿಂತಳು.

"ನೀನು ಓಡಲು ಶುರು ಮಾಡಿದ್ದು ಹೇಗೆ?" ಎಂದು ಕೇಳಿದೆ.

"ಪ್ರಾರ್ಥನೆಗಾಗಿ" ಎಂದಳು. "ನಮ್ಮಲ್ಲಿ ಹತ್ತು ಗಂಡಸರು ಸೇರದೆ ಪ್ರಾರ್ಥನೆ ಶುರುವಾಗುವುದಿಲ್ಲ. ಶನಿವಾರ ನಮಗೆ ದೇವರ ದಿನ, ಗಾಡಿ ಹತ್ತುವ ಹಾಗಿಲ್ಲ, ಫೋನು ಮುಟ್ಟುವ ಹಾಗಿಲ್ಲ. ನಮ್ಮದು ಚಿಕ್ಕ ಮಂದಿರ, ಯಾವಾಗಲೂ ಒಂಬತ್ತೇ ಜನ. ಅಜ್ಜ ನನ್ನನ್ನು ಅಟ್ಟುತ್ತಿದ್ದ: ಓಡು, ಹತ್ತನೆಯವನನ್ನು ತಾ. ಒಮ್ಮೊಮ್ಮೆ ಊರಿನ ಆ ತುದಿಗೆ ಹೋಗಬೇಕಿತ್ತು."

ಶಾಲೆಯ ಮೇಷ್ಟ್ರೊಬ್ಬರು ಅದನ್ನು ಕಂಡು ಮೈದಾನಕ್ಕೆ ಕರೆತಂದರು. ಇಪ್ಪತ್ತೆರಡಕ್ಕೆ ದೇಶದಲ್ಲಿ ಎರಡನೆಯವಳಾದಳು. ಇಪ್ಪತ್ತೇಳಕ್ಕೆ ಪಾದದ ಎಲುಬು ಬಿರುಕು ಬಿಟ್ಟು ತಂಡ ತಪ್ಪಿತು. ಮೂವತ್ತೊಂದಕ್ಕೆ ನಾಲ್ಕು ಸೆಕೆಂಡಿನಲ್ಲಿ ತಪ್ಪಿತು. ನಡುವೆ ಮದುವೆ, ಮಗಳು, ಔಷಧಿ ಅಂಗಡಿಯ ಕೆಲಸ. ಬಿಸಿಲೇರುವ ಮೊದಲು ಮರಳುಗಾಡಿನ ರಸ್ತೆಯಲ್ಲಿ ದಿನವೂ ಓಟ. ಒಂದು ಸಲವೂ ದೇಶದ ಅಂಗಿ ತೊಟ್ಟಿರಲಿಲ್ಲ. "ಇದೇ ಕೊನೆಯದು ಮೌಶಿ. ಮುಂದಿನ ಸಲ ಕಾಲು ಒಪ್ಪುವುದಿಲ್ಲ" ಎಂದಳು.

ನನಗೆ ಸಿಟ್ಟೇ ಬಂತು. "ಹಾಗಾದರೆ ಸುಮ್ಮನಿರಬಾರದಿತ್ತೇ? ಅಳೆಯಿರಿ ಅಂತ ಯಾಕೆ ಬರೆದೆ?"

"ತಿರುವು ಇದ್ದ ಆ ಒಂದು ಕಿಲೋಮೀಟರು ಹತ್ತು ಸೆಕೆಂಡು ಬೇಗ ಮುಗಿಯಿತು. ನನ್ನ ಕಾಲು ಅಷ್ಟು ಒಳ್ಳೆಯದಲ್ಲ" ಎಂದು ನಕ್ಕಳು. "ಕೊಸರು ಇದೆಯಲ್ಲ, ಅದರೊಳಗೇ ಇರಬಹುದು. ಗೊತ್ತಾಗದೆ ನಿದ್ದೆ ಬರುತ್ತಿಲ್ಲ."

ಅವಳಿಗೆ ಲೆಕ್ಕ ಗೊತ್ತಿತ್ತು. ಕೋನು ನನ್ನ ಮೊಳೆಗಿಂತ ಇಪ್ಪತ್ತೊಂದು ಮೀಟರಿನಷ್ಟು ಹಿಂದಿದ್ದರೂ ಹೋಗುವಾಗ ಇಪ್ಪತ್ತೊಂದು, ಬರುವಾಗ ಇಪ್ಪತ್ತೊಂದು, ಒಟ್ಟು ನಲವತ್ತೆರಡು. ಕೊಸರು ಕಾಪಾಡುತ್ತದೆ. ಅದಕ್ಕಿಂತ ಹಿಂದಿದ್ದರೆ ಮುಗಿಯಿತು.

ಸ್ಟೇಷನ್ನಿನಿಂದ ನಡೆದೇ ಹೋದೆವು. ಕಾರ್ಖಾನೆಗಳ ಸಾಲು, ಕಬ್ಬಿಣ ಕಡೆಯುವ ಲೇತಿನ ಕಿರುಗುಟ್ಟುವ ಸದ್ದು, ಗಾಳಿಯಲ್ಲಿ ಸುಟ್ಟ ಎಣ್ಣೆಯ ವಾಸನೆ. ಹೊಸ ಡಾಂಬರು ಕಪ್ಪಗೆ ಮಿರುಗುತ್ತಿತ್ತು. ರೊಟ್ಟಿ ಬಂಡಿಯ ಮಲ್ಲಮ್ಮ ದೂರದಿಂದಲೇ ನನ್ನ ಗುರುತು ಹಿಡಿದಳು. ಆಳಂದ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಬಂದು, ಸೊಂಟ ಹಿಡಿದು, ಬಂಡಿ ಹಾಕಿದವಳು.

"ಎವ್ವಾ, ಅಕ್ಕಾರ! ಸೈಕಲ್ ಎಲ್ಲೈತ್ರಿ? ಬರ್ರಿ, ಕೂಡ್ರಿ."

"ಕೂಡಾಕ ಬಂದಿಲ್ಲ ಮಲ್ಲಮ್ಮ. ಓಟದ ದಿನ ನಿನ್ನ ಬಂಡಿ ಎಲ್ಲಿತ್ತು?"

"ಇಲ್ಲೇ ಇತ್ರಿ. ಡಾಂಬರ್ ಹಾಕಾಕ ಬಂದವರು ಇಲ್ಲಿಗೆ ನೂಕಿದ್ರು. ಆಮ್ಯಾಲ ಆ ಹುಡುಗ್ರು ನಸುಕಿನ್ಯಾಗ ಬಂದು, ರೊಟ್ಟಿ ಬಂಡಿ ಇದೇ ಏನು ಅಂದ್ರು. ಹೌದ್ರೆಪ್ಪಾ ಅಂದ್ನಿ. ಸುಣ್ಣ ಹಾಕಿ ಕೆಂಪು ಡಬ್ಬಿ ಇಟ್ರು. ನೋಡ್ರಿ, ಸುಣ್ಣ ಇನ್ನೂ ಐತಿ." ಆಮೇಲೆ ತಮಾರಳನ್ನು ನೋಡಿ ಬಾಯಿ ಮೇಲೆ ಕೈಯಿಟ್ಟಳು. "ಇಕಿ ಆ ಓಡಿದಾಕಿ ಅಲ್ಲೇನ್ರಿ!"

ಸುಣ್ಣದ ಗೆರೆ ಮಸುಕಾಗಿತ್ತು, ಆದರೆ ಇತ್ತು. ಮೋರಿಯ ಕಟ್ಟೆಯಿಂದ ಹನ್ನೊಂದು ಮೀಟರು ನಲವತ್ತು ಅಳೆದು ನನ್ನ ಮೊಳೆಯ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದೆ. ಅಲ್ಲಿಂದ ಸುಣ್ಣದ ಗೆರೆಗೆ ಟೇಪು ಎಳೆದೆವು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತಮಾರಳ ಕೈಯಲ್ಲಿ. ಲಾರಿಗಳು ಹಾರ್ನ್ ಹೊಡೆದು ಬದಿಗೆ ಸರಿದು ಹೋದವು. ಅಂಕಿಯನ್ನು ಅವಳೇ ಓದಿದಳು, ನಾನು ಹೋಗಿ ಇನ್ನೊಮ್ಮೆ ಓದಿದೆ. ಇಪ್ಪತ್ತೆರಡು ಮೀಟರು ಅರವತ್ತು ಸೆಂಟಿಮೀಟರು.

ಎರಡರಿಂದ ಗುಣಿಸಿದರೆ ನಲವತ್ತೈದು ದಾಟಿತು. ಕೊಸರು ಪೂರ್ತಿ ಕರಗಿ ಮೂರು ಮೀಟರು ಕಡಿಮೆ. ಅವಳ ಓಟದಲ್ಲಿ ಅದು ಎರಡು ಹೆಜ್ಜೆ. ತಮಾರ್ ಟೇಪು ಹಿಡಿದುಕೊಂಡೇ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತಳು. ನಾನು ಕಂಡಂದಿನಿಂದ ಅವಳು ಕೂತದ್ದು ಅದೇ ಮೊದಲು. ನನ್ನಿಂದ, ನಾನು ಬರೆದ ಒಂದು ಸಾಲಿನಿಂದ, ಈ ಹೆಣ್ಣಿನ ಹಣೆಬರಹ ಕೆಟ್ಟಿತು.

ಮಲ್ಲಮ್ಮನಿಗೆ ವಿಷಯ ಹೇಳಿದೆ. ಅವಳು ಕೈ ಒರೆಸಿಕೊಂಡು ಹತ್ತಿರ ಬಂದಳು.

"ಎರಡು ಹೆಜ್ಜಿ ಅಷ್ಟೇ ಅಲ್ಲೇನ್ರಿ ಅಕ್ಕಾರ? ಈ ಸುಣ್ಣ ಕಾಲಿಲೆ ಒರಸ್ತೀನಿ. ಡಬ್ಬಿ ಅಲ್ಲಿತ್ತು ಅಂತ ನಾ ಹೇಳ್ತೀನಿ, ಯಾರು ಬಂದು ಕೇಳ್ತಾರ? ಪಾಪ, ಅಷ್ಟು ದೂರದಿಂದ ಬಂದಾಳ."

ಸುಳ್ಳು ಯಾಕೆ ಹೇಳಲಿ, ನನ್ನ ಚಪ್ಪಲಿ ಆ ಸುಣ್ಣದ ಮೇಲೆಯೇ ಇತ್ತು. ಒಂದು ಸಲ ಉಜ್ಜಿದರೆ ಸಾಕಿತ್ತು. ಮಕ್ಕಳು ಗೆರೆ ತುಳಿದರೆ ಕಿವಿ ಹಿಂಡಿದವಳು ನಾನು, ಆ ಕಾಲನ್ನು ಅಲ್ಲಿಂದ ಎತ್ತಲಾರದೆ ನಿಂತೆ.

"ಏನಂತಾಳೆ?" ಎಂದು ತಮಾರ್ ಮರಾಠಿಯಲ್ಲಿ ಕೇಳಿದಳು. ಅವಳಿಗೆ ಕನ್ನಡ ಬಾರದು, ಮಲ್ಲಮ್ಮನಿಗೆ ಮರಾಠಿ ಬಾರದು. ನಾನು ಏನು ಬೇಕಾದರೂ ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದೆ.

ಅವಳು ಎದ್ದು ಬಂದು ಮಲ್ಲಮ್ಮನ ಹಿಟ್ಟು ಮೆತ್ತಿದ ಕೈಯನ್ನು ಕಣ್ಣಿಗೊತ್ತಿಕೊಂಡಳು. ಕಣ್ಣು ಒದ್ದೆಯಾಗಿತ್ತು. "ಮೌಶಿ, ಒಂಬತ್ತು ಜನ ಎಷ್ಟೇ ಒಳ್ಳೆಯವರಾದರೂ ಹತ್ತಾಗುವುದಿಲ್ಲ. ಹತ್ತನೆಯವ ಬರುವವರೆಗೂ ನಮ್ಮಜ್ಜ ಪುಸ್ತಕ ತೆರೆಯುತ್ತಿರಲಿಲ್ಲ. ಇದ್ದದ್ದು ಬರೆ."

ನಾನು ಸುತ್ತಿಗೆ ತೆಗೆದು, ಮೋರಿಯ ಲೆಕ್ಕದ ಜಾಗದಲ್ಲಿ ಹೊಸ ಮೊಳೆ ಹೊಡೆದೆ. ಕೊನೆಯ ಎರಡು ಪೆಟ್ಟು ಅವಳು ಹೊಡೆದಳು. ಆಮೇಲೆ ಸುಣ್ಣದ ಗೆರೆಯ ಮೇಲೆ ಹೋಗಿ ನಿಂತು ಷೂ ದಾರ ಬಿಗಿದುಕೊಂಡಳು.

"ಉಳಿದದ್ದನ್ನು ಓಡಿಬಿಡುತ್ತೇನೆ. ಇವಳಿಗೆ ಎಣಿಸಲು ಹೇಳು."

ಓಟದ ದಿನ ಓಡಿದ ವೇಗದಲ್ಲೇ, ಒಂದಿಷ್ಟೂ ಹೆಚ್ಚಿಸದೆ, ಮೊಳೆಯತ್ತ ಹೋದಳು. ನಾನು ಗಡಿಯಾರ ಹಿಡಿದಿದ್ದೆ. ಮಲ್ಲಮ್ಮ ಸೌಟು ಎತ್ತಿ ಗಟ್ಟಿಯಾಗಿ ಎಣಿಸಿದಳು. "ಒಂದು, ಎರಡು, ಮೂರು..." ಲೇತಿನ ಶೆಡ್ಡಿನಿಂದ ಇಬ್ಬರು ಹೊರಗೆ ಬಂದು ನೋಡಿದರು. ಮೊಳೆಯನ್ನು ಸುತ್ತಿ ತಿರುಗಿದಾಗ ಆರು. ಸುಣ್ಣದ ಗೆರೆ ಮುಟ್ಟಿದಾಗ ಹನ್ನೊಂದು. ನನ್ನ ಗಡಿಯಾರದಲ್ಲೂ ಹನ್ನೊಂದೇ.

ಅವಳ ಬಳಿ ಹತ್ತೊಂಬತ್ತು ಸೆಕೆಂಡು ಇತ್ತು. ಹನ್ನೊಂದು ಕಳೆದರೂ ಎಂಟು ಉಳಿಯುತ್ತದೆ. ಮೊಳೆ ಕಂಡಿದ್ದರೆ ಅವಳು ತಂಡದಲ್ಲಿರುತ್ತಿದ್ದಳು. ಮೂವರೂ ಮುಖ ಮುಖ ನೋಡಿಕೊಂಡೆವು. ತಮಾರ್ ಮೊದಲು ನಕ್ಕಳು, ಆಮೇಲೆ ಅತ್ತಳು. ಮಲ್ಲಮ್ಮ ಅವಳಿಗೆ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿ, "ಇದು ಕೊಸರು, ತಿನ್ನವ್ವ" ಎಂದು ಇನ್ನರ್ಧ ಇಟ್ಟಳು. ಅದಕ್ಕೆ ಮಾತ್ರ ಅನುವಾದ ಬೇಕಾಗಲಿಲ್ಲ.

ಮಧ್ಯಾಹ್ನ ಮಿಯಾಪುರದಲ್ಲಿ ಬೀದರ್ ಬಸ್ಸು ಸಿಕ್ಕಿತು. ಚೀಲದಲ್ಲಿ ಮೊಳೆ ಒಂದು ಕಡಿಮೆ. ಪಟಾನ್‌ಚೆರು ದಾಟುವವರೆಗೂ ವರದಿಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ದಾರಿಯ ಉದ್ದ: ಮೂರು ಮೀಟರು ಕಡಿಮೆ. ಕಾರಣ: ಅಳೆದವಳು ಕೊಟ್ಟ ತಪ್ಪು ಗುರುತು. ಸಹಿ ಹಾಕಿದೆ. ಕೆಳಗೆ ಷರಾ ಎಂಬ ಖಾಲಿ ಜಾಗವಿತ್ತು. ಇಷ್ಟು ವರ್ಷ ಅದರಲ್ಲಿ ನಾನು ಏನೂ ಬರೆದವಳಲ್ಲ. ಬಸ್ಸಿನ ಕುಲುಕಾಟದಲ್ಲಿ ಅಕ್ಷರ ಸೊಟ್ಟಗಾದರೂ ಬರೆದೆ: ಓಟಗಾರ್ತಿ ಉಳಿದ ದೂರವನ್ನು ಇಂದು ಓಡಿ ಮುಗಿಸಿದ್ದಾಳೆ. ಹನ್ನೊಂದು ಸೆಕೆಂಡು. ಎಣಿಸಿದವರು: ರೊಟ್ಟಿ ಬಂಡಿಯ ಮಲ್ಲಮ್ಮ.