ಚಿನ್ನವಿಲ್ಲದ ಕಲ್ಲು

ನನ್ನ ಮೈದುನನಿಗೆ ಷೇರಿನ ಹುಚ್ಚು. ಮೊನ್ನೆ ಊಟಕ್ಕೆ ಬಂದವನು ತಟ್ಟೆಯ ಮುಂದೆ ಕೂತೇ ಶುರು ಮಾಡಿದ. "ಅತ್ತಿಗೆ, ಚಿನ್ನ ಹುಡುಕೋ ಒಂದು ಸಣ್ಣ ಕಂಪನಿ ಇದೆ. ಗುಡ್ಡದಲ್ಲಿ ಚಿನ್ನ ಸಿಕ್ತು ಅಂತ ನ್ಯೂಸ್ ಬಂದಿದೆ. ತಗೊಂಡ್ಬಿಡ್ಲಾ?"

"ಖಾಲಿ ಕಲ್ಲು ಏನು ಹೇಳ್ತಂತೆ?" ಅಂದೆ.

ಪಿಳಿಪಿಳಿ ನೋಡಿದ. ಪಾಪ, ಅವನಿಗೇನು ಗೊತ್ತು. ನನಗೂ ಗೊತ್ತಾಗಿದ್ದು ಜೋಗುಪಾಳ್ಯದ ಒಂದು ತಗಡಿನ ಶೆಡ್ಡಿನಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ.

ಭೂವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿ, ಮದುವೆಯಾಗಿ, ಹಲಸೂರಿನಲ್ಲಿ ಸಂಸಾರ ಹೂಡಿದ ಹೊಸತು. ಇಂದಿರಾನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಎರಡು ಕೋಣೆ, ಒಂದು ಫ್ಯಾಕ್ಸ್ ಯಂತ್ರ, ಗೋಡೆ ತುಂಬ ನಕ್ಷೆ. ಅದೇ ನನ್ನ ಆಫೀಸು. ಕಲ್ಲು ಕೊಯ್ದು ಪುಡಿ ಮಾಡುವ ಕೆಲಸ ಮಾತ್ರ ಜೋಗುಪಾಳ್ಯದ ಶೆಡ್ಡಿನಲ್ಲಿ. ಎರಡಕ್ಕೂ ಯಜಮಾನರೆಂದರೆ ಸರ್ಕಾರಿ ಕೆಲಸದಿಂದ ನಿವೃತ್ತರಾದ ಒಬ್ಬ ಭೂವಿಜ್ಞಾನಿ. ನನಗೆ ಕೈಹಿಡಿದು ಕಲಿಸಿದವರು, ಹಾಗಾಗಿ ನಾನು ಮೇಷ್ಟ್ರೇ ಎಂದು ಕರೆಯುತ್ತಿದ್ದೆ.

ಮೇಷ್ಟ್ರಿಗೆ ಒಂದು ಗುಡ್ಡವಿತ್ತು. ರಾಯಚೂರಿನ ಕಡೆ, ಕುರುಚಲು ಜಾಲಿ ಬಿಟ್ಟರೆ ಮತ್ತೇನೂ ಬೆಳೆಯದ ಗುಡ್ಡ. ಅದರ ಹೊಟ್ಟೆಯಲ್ಲಿ ಚಿನ್ನವಿದೆ ಅಂತ ಸರ್ವಿಸಿನಲ್ಲಿದ್ದಾಗ ಬರೆದುಕೊಟ್ಟರೆ ಮೇಲಿನವರು ನಕ್ಕು ಮೂಲೆಗೆ ಹಾಕಿದ್ದರು. ರಿಟೈರ್ ಆದಮೇಲೆ ಹೇಗೋ ಪರದೇಶದ ಒಂದು ಸಣ್ಣ ಕಂಪನಿಯನ್ನು ಒಪ್ಪಿಸಿ ಅದೇ ಗುಡ್ಡಕ್ಕೆ ವಾಪಸ್ ಹೋಗಿದ್ದರು. ಅವರ ಮಾತು ಕೇಳುವವರಿಗೆ ಅದು ಅವರ ಮಗನೋ ಅಂತ ಅನುಮಾನ ಬರಬೇಕು, ಹಾಗೆ ಮಾತಾಡುತ್ತಿದ್ದರು.

ಇಂಥ ಸಣ್ಣ ಕಂಪನಿಗಳು ಗಣಿ ನಡೆಸುವುದಿಲ್ಲ. ಬರೀ ಹುಡುಕುತ್ತವೆ. ಸಿಕ್ಕರೆ ದೊಡ್ಡ ಕಂಪನಿಗೆ ಮಾರುತ್ತವೆ, ಸಿಗದಿದ್ದರೆ ಗಂಟುಮೂಟೆ ಕಟ್ಟುತ್ತವೆ. ಹೆಚ್ಚಿನವು ಗಂಟುಮೂಟೆ ಕಟ್ಟುವುದೇ. "ನಾವು ಬೆಟ್ಟ ಅಗೆದು ಇಲಿ ಹಿಡಿಯೋ ಜನ ಕಣಮ್ಮಾ, ಇಲಿ ಸಿಕ್ಕಿದ್ರೂ ಪುಣ್ಯ" ಅಂತ ಮೇಷ್ಟ್ರು ನಗುತ್ತಿದ್ದರು. ಮೊದಲು ಹಳ್ಳದ ಮರಳನ್ನು ತಟ್ಟೆಯಲ್ಲಿ ಜಾಲಿಸಿ ನೋಡುವುದು. ಅಲ್ಲಿ ಮಿಣುಕು ಕಂಡರೆ ಗುಡ್ಡದ ಮೈಮೇಲೆ ಅಷ್ಟಷ್ಟು ದೂರಕ್ಕೆ ಮಣ್ಣು ತೆಗೆದು ಪರೀಕ್ಷೆ. ಅದೂ ಸರಿಯೆನಿಸಿದರೆ ಕಾಲುವೆಯಂತೆ ಅಗೆದು ಒಳಗಿನ ಬಂಡೆ ನೋಡುವುದು. ಕೊನೆಗೆ ಡ್ರಿಲ್ಲಿಂಗ್. ಅಲ್ಲೇ ದುಡ್ಡೆಲ್ಲ ನೀರಿನ ಹಾಗೆ ಹೋಗುವುದು.

ಡ್ರಿಲ್ಲಿನಿಂದ ಕಬ್ಬಿನ ಜಲ್ಲೆಯಂಥ ಉದ್ದುದ್ದ ಕಲ್ಲು ಬರುತ್ತದೆ. ಅದನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಒಂದು ಸೀಳನ್ನು ಪುಡಿ ಮಾಡಿ ಲ್ಯಾಬಿಗೆ ಕಳಿಸಬೇಕು. ಇನ್ನೊಂದು ಸೀಳು ಪೆಟ್ಟಿಗೆಯಲ್ಲೇ ಉಳಿಯಬೇಕು, ನಾಳೆ ಯಾರಿಗಾದರೂ ಅನುಮಾನ ಬಂದರೆ ಇರಲಿ ಅಂತ. ಪುಡಿಯ ಚೀಲಗಳ ನಡುನಡುವೆ ಚಿನ್ನವೇ ಇಲ್ಲದ ಮಾಮೂಲಿ ಕಲ್ಲಿನ ಪುಡಿಯನ್ನೂ ಅದೇ ಥರ ನಂಬರು ಬರೆದು ಸೇರಿಸುತ್ತಿದ್ದೆವು. ಅದೇ ಖಾಲಿ ಕಲ್ಲು. ಲ್ಯಾಬಿನವರಿಗೆ ಯಾವುದು ಅಂತ ತಿಳಿಯುವುದಿಲ್ಲ. ಅದರಲ್ಲೂ ಚಿನ್ನ ಕಂಡರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ. ನಮ್ಮ ಖಾಲಿ ಕಲ್ಲು ಕೆ.ಆರ್. ಪುರದಲ್ಲಿ ರಸ್ತೆಗೆ ಹಾಕಲು ಸುರಿದಿದ್ದ ಜಲ್ಲಿಯದು. ನಾನೇ ಚೀಲದಲ್ಲಿ ತುಂಬಿಸಿ ಆಟೋದಲ್ಲಿ ಹಾಕಿಕೊಂಡು ಬಂದಿದ್ದೆ.

ಶೆಡ್ಡಿನಲ್ಲಿ ಮೇಷ್ಟ್ರದು ಒಂದೇ ಕಟ್ಟುನಿಟ್ಟು: ಮೈಮೇಲೆ ಚಿನ್ನ ಇರಕೂಡದು. ಉಂಗುರದಿಂದ ಕಣ್ಣಿಗೆ ಕಾಣದ ಒಂದು ಚೂರು ಉದುರಿದರೂ ಪರೀಕ್ಷೆ ಕೆಟ್ಟುಹೋಗುತ್ತದೆ. ಹಾಗಾಗಿ ನಾನು ಓಲೆ, ಬಳೆ ಮಾತ್ರವಲ್ಲ, ತಾಳಿಯನ್ನೂ ಮನೆಯಲ್ಲಿ ಬಿಚ್ಚಿಟ್ಟು, ಅರಿಶಿನ ಕೊಂಬಿನ ದಾರ ಕಟ್ಟಿಕೊಂಡು ಹೋಗುತ್ತಿದ್ದೆ. ನಮ್ಮತ್ತೆ ಸಿಡಿಮಿಡಿ. "ಚಿನ್ನದ ಕಂಪನಿಯಂತೆ, ಸೊಸೆಯ ಕತ್ತು ಬೋಳು!" ಶೆಡ್ಡಿನ ಎದುರು ಹೂ ಮಾರುವ ತಮಿಳಿನಾಕೆ ಮಾತ್ರ ದಿನಾ ನಗುತ್ತಾ "ಎನ್ನಮ್ಮಾ, ಉಳ್ಳೆ ತಂಗಂ ಇರುಕ್ಕಾ?" ಅಂತ ಕೇಳುವಳು. ಒಳಗೆ ಚಿನ್ನ ಇದೆಯೇನಮ್ಮಾ ಅಂತ. "ಇದ್ದಿದ್ರೆ ನಾನ್ಯಾಕೆ ಬಿಸಿಲಲ್ಲಿ ನಡ್ಕೊಂಡು ಬರ್ತಿದ್ದೆ?" ಅಂತ ನಾನು.

ಆ ವರ್ಷ ಪರದೇಶದವರು ಹೇಳಿಬಿಟ್ಟರು: ಇದೊಂದೇ ರಂಧ್ರ, ಇದರಲ್ಲಿ ಏನೂ ಬರದಿದ್ದರೆ ಗುಡ್ಡ ಬಿಡುತ್ತೇವೆ. ಮೇಷ್ಟ್ರು ತಿಂಗಳುಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಕೊನೆಯ ಕಲ್ಲುಗಳು ಲಾರಿಯಲ್ಲಿ ಬಂದು ಇಳಿದಿದ್ದು ಆಯುಧಪೂಜೆಯ ಹಿಂದಿನ ದಿನ. ಕಲ್ಲು ಅರೆಯುವ ಹೊಸ ಯಂತ್ರವೂ ಆಗಷ್ಟೇ ಬಂದಿತ್ತು. ಅದಕ್ಕೆ ಪೂಜೆ ಮಾಡಲೆಂದು ಮರುದಿನ ಮೇಷ್ಟ್ರ ಹೆಂಡತಿಯೇ ಬಂದರು. ನಾನು ಬೂದುಗುಂಬಳಕಾಯಿ, ಸೇವಂತಿಗೆ ತರಲು ರಸೆಲ್ ಮಾರುಕಟ್ಟೆಗೆ ಹೋದೆ. ಹಬ್ಬದ ನೂಕುನುಗ್ಗಲಿನಲ್ಲಿ ಬಸ್ಸು ಸಿಗದೆ, ವಾಪಸ್ ಬರುವಷ್ಟರಲ್ಲಿ ಪೂಜೆ ಮುಗಿದು, ಕುಂಬಳಕಾಯಿಯೊಂದಕ್ಕೆ ಎಲ್ಲರೂ ಕಾಯುತ್ತಿದ್ದರು. ಒಡೆದು, ಕಡಲೆಪುರಿ ತಿಂದು ಮನೆಗೆ ಹೋದೆವು. ಹಬ್ಬ ಕಳೆದ ಮೇಲೆ ಕುಂಕುಮ ಹಚ್ಚಿದ ಯಂತ್ರದಲ್ಲೇ ಕಲ್ಲು ಅರೆಯುವುದು ಶುರುವಾಯಿತು.

ಲ್ಯಾಬಿನ ಫ್ಯಾಕ್ಸ್ ಬಂದ ದಿನ ಮೇಷ್ಟ್ರು ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿತು. ಚಿನ್ನ! ಒಂದು ಚೀಲವಲ್ಲ, ಸಾಲಾಗಿ ಐದಾರು ಚೀಲಗಳಲ್ಲಿ. ಮನೆಗೆ ಫೋನ್ ಮಾಡಿ "ಬಂತು ಕಣೇ, ಬಂತು!" ಅಂದರು. ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಮರುದಿನ ಪರದೇಶದಿಂದ ಇಬ್ಬರು ಬರುವವರಿದ್ದರು. ಅವರು ನೋಡಿ ಹೂಂ ಅಂದರೆ ಷೇರುದಾರರಿಗೆಲ್ಲ ಸುದ್ದಿ ಹೋಗುತ್ತಿತ್ತು.

ಮೇಷ್ಟ್ರು ತರಿಸಿದ ಮೈಸೂರು ಪಾಕು ಬಾಯಲ್ಲಿಟ್ಟುಕೊಂಡೇ ನಾನು ನಂಬರುಗಳನ್ನು ತಾಳೆ ನೋಡುತ್ತಾ ಹೋದೆ. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಎಲ್ಲಕ್ಕಿಂತ ಹೆಚ್ಚು ಚಿನ್ನ ಇದ್ದದ್ದು ಖಾಲಿ ಕಲ್ಲಿನಲ್ಲಿ. ಹಬ್ಬದ ನಂತರ ಮೊದಲು ಅರೆದ ಚೀಲ ಅದೇ. ಆಮೇಲೆ ಅರೆದ ಸರದಿಯಲ್ಲೇ ಚಿನ್ನ ಬರಬರುತ್ತಾ ಕಡಿಮೆ. ಕೆ.ಆರ್. ಪುರದ ಜಲ್ಲಿಯಲ್ಲಿ ಅಷ್ಟು ಚಿನ್ನ ಇದ್ದರೆ ನಾವ್ಯಾಕೆ ರಾಯಚೂರಿಗೆ ಹೋಗಬೇಕಿತ್ತು!

ಹಾಳೆಯನ್ನು ಮೇಷ್ಟ್ರ ಮುಂದಿಟ್ಟೆ. ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಇನ್ಯಾರು ನೋಡಿದ್ದಾರೆ?"

"ನಾವಿಬ್ರೇ."

ಹಾಳೆಯನ್ನು ಮಡಚಿದರು, ಮತ್ತೆ ಬಿಚ್ಚಿದರು. ಆಮೇಲೆ, ನನ್ನ ಮುಖ ನೋಡದೆ, "ನಾಳೆ ಅವ್ರು ಬಂದು ಹೋದ್ಮೇಲೆ ನೋಡಿದ್ವಿ ಅಂದ್ರೆ?" ಅಂದರು.

ನನ್ನದು ಮೊದಲೇ ಬೆಂಕಿಯಂಥ ಬಾಯಿ. "ಮೇಷ್ಟ್ರೇ, ತಾಳಿ ಬಿಚ್ಚಿಟ್ಟು ಅರಿಶಿನ ಕೊಂಬು ಕಟ್ಕೊಂಡು ಬರ್ತಿದೀನಿ ನಾನು. ದಿನಾ ಅತ್ತೆ ಹತ್ರ ಬೈಸ್ಕೋತಿದೀನಿ. ಇದಕ್ಕೇನಾ?"

ಅವರು ಸಿಟ್ಟಾಗಲಿಲ್ಲ. ಮುಖವೇ ಇಳಿದುಹೋಯಿತು.

"ಪೂಜೆ ದಿನ ನೀನು ಮಾರ್ಕೆಟ್ಟಿಗೆ ಹೋಗಿದ್ದೆ," ಅಂದರು. "ಹೊಸ ಮಷೀನು, ಹುಟ್ಟಿದ ಮಗು ಇದ್ದ ಹಾಗೆ, ಚಿನ್ನ ನೆಕ್ಕಿಸ್ಬೇಕು ಅಂದ್ಲು ನಮ್ಮವಳು. ಅವಳ ಕೈಲಿದ್ದದ್ದು ಮೊಮ್ಮಗಳಿಗೆ ಜೇನುತುಪ್ಪದಲ್ಲಿ ತೇಯ್ದಿದ್ದ ಚಿನ್ನದ ಬಳೆ. ಅದನ್ನೇ ಬಿಚ್ಚಿ, ಅರೆಯೋ ಬಟ್ಟಲೊಳಗೆ ಜೇನು ಹಾಕಿ ತೇಯ್ದ್ಲು. ನಾನು ಅಲ್ಲೇ ನಿಂತಿದ್ದೆ ಕಣಮ್ಮಾ. ನನ್ನ ಗುಡ್ಡಕ್ಕೆ ಅಂತ ಕಣ್ಮುಚ್ಚಿ ಬೇಡ್ಕೋತಿದ್ಲು. ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ. ಆಮೇಲೆ ತೊಳೆಸಿದ್ರಾಯ್ತು ಅಂದ್ಕೊಂಡೆ. ಪೂಜೆ ಮಾಡಿದ್ದನ್ನ ಅವತ್ತೇ ತೊಳೆಸೋದು ಹೇಗೆ? ಹಬ್ಬ ಮುಗಿಯೋಷ್ಟರಲ್ಲಿ ಮರ್ತೇಬಿಟ್ಟೆ."

ಅವರೇ ಎದ್ದು, ಸುದ್ದಿಗೆಂದು ಟೈಪು ಮಾಡಿಸಿದ್ದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. "ಪೆಟ್ಟಿಗೇಲಿರೋ ಇನ್ನೊಂದು ಸೀಳು ತೆಗಿ. ಬಟ್ಟಲು ತೊಳೆಸು, ಖಾಲಿ ಕಲ್ಲು ಅರೆದು ಅರೆದು ಚೆಲ್ಲು. ಹೊಸದಾಗಿ ಮಾಡೋಣ. ಒಂದು ಮಾತು. ಇದು ಮನೇಲಿ ಗೊತ್ತಾಗ್ಬಾರ್ದು."

ಮರುದಿನ ಬಂದ ಇಬ್ಬರಿಗೂ ನಿಂತುಕೊಂಡೇ ಹೇಳಿದರು: ಈ ಫಲಿತಾಂಶ ನಂಬಬೇಡಿ, ಯಂತ್ರ ತೊಳೆಸದೆ ಬಿಟ್ಟದ್ದು ನನ್ನ ತಪ್ಪು. ಯಂತ್ರಕ್ಕೆ ಚಿನ್ನ ತಗುಲಿದ್ದು ಹೇಗೆ ಅಂತ ಅವರು ಎಷ್ಟು ಕೇಳಿದರೂ, ನನ್ನ ಉಸ್ತುವಾರಿಯಲ್ಲಿ ತಗುಲಿತು, ಅಷ್ಟೇ ಬರೆದುಕೊಳ್ಳಿ ಅಂದರು. ಇನ್ನೊಂದು ಸೀಳಿನ ಫಲಿತಾಂಶ ಬಂದಾಗ ಚಿನ್ನ ಇದ್ದೂ ಇಲ್ಲದಷ್ಟು. ಪರದೇಶದವರು ಗುಡ್ಡ ಬಿಟ್ಟರು. ಶೆಡ್ಡಿಗೆ ವೆಲ್ಡಿಂಗ್ ಅಂಗಡಿ ಬಂತು. ನಾನು ಬೋರ್‌ವೆಲ್‌ಗೆ ಜಾಗ ನೋಡಿ ಹೇಳುವ ಕೆಲಸಕ್ಕೆ ಸೇರಿದೆ. ಮೇಷ್ಟ್ರು ಮತ್ತೆ ಆ ಗುಡ್ಡದ ಹೆಸರೆತ್ತಿದ್ದು ನಾನು ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ, ಒಂದು ಆಯುಧಪೂಜೆಗೆ ಹಲಸೂರಿನ ಅವರ ಮನೆಗೆ ಹೋಗಿದ್ದೆ. ಮಿಕ್ಸಿ, ಮೇಷ್ಟ್ರ ಸ್ಕೂಟರು, ಮೊಮ್ಮಗಳ ಸೈಕಲ್ಲು ಎಲ್ಲಕ್ಕೂ ಹೂವಿಟ್ಟಾಗಿತ್ತು. ಮೇಷ್ಟ್ರ ಹೆಂಡತಿಯನ್ನು ನಾನು ಅಮ್ಮ ಅನ್ನುತ್ತಿದ್ದೆ. ಪೂಜೆಗೆ ಕೂರುವ ಮುಂಚೆ ಅಮ್ಮ ಕೈಯ ಚಿನ್ನದ ಬಳೆಗಳೆರಡನ್ನೂ ಬಿಚ್ಚಿ, ಒಳಗಿನ ಬೀರುವಿನಲ್ಲಿಟ್ಟು ಬಂದರು. ಹಬ್ಬದ ದಿನ ಯಾರಾದರೂ ಬಳೆ ಬಿಚ್ಚುತ್ತಾರೆಯೇ? ಮೇಷ್ಟ್ರು ಪೇಪರಿನಿಂದ ತಲೆ ಎತ್ತಲಿಲ್ಲ.

ಅಡುಗೆಮನೆಯಲ್ಲಿ ಕೋಸಂಬರಿ ಕಲಸುತ್ತಾ ಅಮ್ಮನೇ ಮೆಲ್ಲಗೆ ಹೇಳಿದರು. "ಅವ್ರು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅವತ್ತು ಬೆಳಿಗ್ಗೆ ಬಂತು ಕಣೇ ಅಂತ ಫೋನ್ ಮಾಡಿದ ಮನುಷ್ಯ, ಸಂಜೆ ಮನೆಗೆ ಬಂದು ನನ್ನ ಕೈ ನೋಡಿದ್ರು, ಮುಖ ನೋಡ್ಲಿಲ್ಲ. ಆವಾಗ್ಲೇ ಗೊತ್ತಾಯ್ತಮ್ಮಾ."

"ಒಂದು ಮಾತು ಕೇಳ್ಬಹುದಿತ್ತಲ್ಲಮ್ಮಾ?"

"ಕೇಳಿದ್ರೆ, ನಿನ್ನಿಂದ ಅಲ್ಲ ಅಂತ ಸುಳ್ಳು ಹೇಳ್ತಿದ್ರು. ಒಂದು ಸುಳ್ಳು ಹೇಳ್ಲಾರದೆ ಗುಡ್ಡಾನೇ ಬಿಟ್ಟವ್ರ ಬಾಯಲ್ಲಿ ನಾನು ಸುಳ್ಳು ಹೇಳಿಸ್ಲಾ?"

ಹೊರಗಿನಿಂದ ಮೇಷ್ಟ್ರು ಕೂಗಿದರು, "ಆರತಿ ತಟ್ಟೆ ಎಲ್ಲಿಟ್ಟಿದ್ದೀಯೇ?"

"ಬಂದೆ ರೀ," ಅಂದ ಅಮ್ಮ ಕೈ ಒರೆಸಿಕೊಂಡು, ಬರೀ ಗಾಜಿನ ಬಳೆಯ ಕೈಯಲ್ಲಿ ತಟ್ಟೆ ಎತ್ತಿಕೊಂಡು ಹೋದರು.